ಅಡುಗೆ ನಮ್ಮದು, ಎಲೆಯ ಬಿಲ್ಲೂ ನಮ್ಮದೇ

ಬೆಳಗಿನ ಕಾಫಿ ಆರುವ ಮೊದಲೇ ಇಮೇಲ್ ಬಂದಿತ್ತು. 'ಪರಮಪೂಜ್ಯ ವಿಜ್ಞಾನಿಗಳೇ, ಹಲ್ಲಿನ ಬೇರಿನ ಚಿಕಿತ್ಸೆಗೆ ತಾವು ಸಲ್ಲಿಸಿರುವ ಅಮೋಘ ಸೇವೆಯನ್ನು ಗಮನಿಸಿದ್ದೇವೆ. ನಮ್ಮ ಅಂತರರಾಷ್ಟ್ರೀಯ ಪತ್ರಿಕೆಗೆ ಲೇಖನ ಕಳಿಸಿ, ನಾಲ್ಕೇ ದಿನದಲ್ಲಿ ಪ್ರಕಟಿಸುತ್ತೇವೆ.' ನಾನು ಹಳಗನ್ನಡ ಪಾಠ ಮಾಡುವವನು. ಹಲ್ಲಿನ ಬಗ್ಗೆ ನನ್ನ ಸಂಶೋಧನೆ ಏನಿದ್ದರೂ ಗೌರಿ ಹಬ್ಬದ ಚಕ್ಕುಲಿ ಕಡಿಯಲು ಹೋಗಿ ಮುರಿದ ಒಂದು ದವಡೆ ಹಲ್ಲಿಗೆ ಸೀಮಿತ.

ಇವರು ಕಾಸು ಕಿತ್ತು ಏನನ್ನಾದರೂ ಅಚ್ಚು ಹಾಕುವ ಕಳ್ಳರು, ಬಿಡಿ. ನನಗೆ ಬೆರಗಾಗುವುದು ಸಂಶೋಧನಾ ಪತ್ರಿಕೆ ನಡೆಸುವ ಮರ್ಯಾದಸ್ಥ ಪ್ರಕಾಶಕರ ವ್ಯಾಪಾರ ನೋಡಿ. ಸಂಶೋಧನೆಗೆ ದುಡ್ಡು ಸರ್ಕಾರದ್ದು. ಬರೆದವನಿಗೆ ಬಿಡಿಗಾಸಿಲ್ಲ, ಕೂತು ತಿದ್ದುವ ಪರಿಶೀಲಕನಿಗೂ ಇಲ್ಲ. ಹಕ್ಕುಸ್ವಾಮ್ಯವನ್ನು ಧಾರೆಯೆರೆದು ಕೊಟ್ಟ ಮೇಲೆ ಅದೇ ಲೇಖನವನ್ನು ಬರೆದವನ ಕಾಲೇಜಿನ ಗ್ರಂಥಾಲಯ ಚಂದಾ ಕಟ್ಟಿ ತರಿಸಬೇಕು. ಅಕ್ಕಿ ಬೇಳೆ ತಾನೇ ಹೊತ್ತು ತಂದು, ಬೇಯಿಸಿ ಬಡಿಸಿದ ಅಡುಗೆ ಭಟ್ಟರು ಊಟಕ್ಕೆ ಕೂತಾಗ ಎಲೆಗೆ ಬಿಲ್ ಕೊಟ್ಟ ಹಾಗೆ. ಎಲ್ಸೆವಿಯರ್‌ನಂಥ ಪ್ರಕಾಶನ ಸಂಸ್ಥೆಗೆ ನೂರು ರೂಪಾಯಿ ವಹಿವಾಟಿನಲ್ಲಿ 35 ರೂಪಾಯಿಗೂ ಮಿಕ್ಕಿ ಲಾಭ ಉಳಿಯುವುದು ಸುಮ್ಮನೆಯೇ?

ಇದು ಅನ್ಯಾಯ, ಜ್ಞಾನ ಎಲ್ಲರಿಗೂ ಉಚಿತವಾಗಿ ಸಿಗಲಿ ಎಂದು 2002ರಲ್ಲಿ ಬುಡಾಪೆಸ್ಟ್ ಹೆಸರಿನಲ್ಲಿ ಒಂದು ಘೋಷಣೆ ಹೊರಟಿತು. ದೊಡ್ಡ ಪ್ರಕಾಶಕರು ಮೊದಲು ಮುಖ ಸಿಂಡರಿಸಿ, ಆಮೇಲೆ ಧಾರಾಳವಾಗಿ ಒಪ್ಪಿದರು: ಓದುವವರು ಕೊಡುವುದು ಬೇಡ, ಬರೆದವರೇ ಕೊಡಲಿ! ಹೆಸರಾಂತ ವಿಜ್ಞಾನ ಪತ್ರಿಕೆ 'ನೇಚರ್' 2020ರಲ್ಲಿ ಹೇಳಿದ ದರ ಲೇಖನವೊಂದಕ್ಕೆ 9,500 ಯೂರೊ. ಅಂದರೆ ಎಂಟು ಲಕ್ಷ ರೂಪಾಯಿಗೂ ಹೆಚ್ಚು. ಪಂಪನಿಗೆ ಅರಿಕೇಸರಿ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟ. ಇಂದಾಗಿದ್ದರೆ ಪಂಪನೇ ಅಗ್ರಹಾರ ಮಾರಿ ಪ್ರಕಟಣಾ ಶುಲ್ಕ ಕಟ್ಟಬೇಕಿತ್ತು.

ಲೇಖನಕ್ಕಿಷ್ಟು ಎಂದು ದರ ನಿಂತ ಮೇಲೆ ಹೆಚ್ಚು ಲೇಖನ ಹೆಚ್ಚು ಕಾಸು ತಾನೆ? ವೈಲಿ ಎಂಬ ಪ್ರಕಾಶನ ಸಂಸ್ಥೆ 2021ರಲ್ಲಿ ಸುಮಾರು 30 ಕೋಟಿ ಡಾಲರ್ ತೆತ್ತು, ಬರೆದವರಿಂದಲೇ ಕಾಸು ಪಡೆಯುವ ಹಿಂದಾವಿ ಎಂಬ ಪ್ರಕಾಶನವನ್ನು ಕೊಂಡಿತು. 2023ರಲ್ಲಿ ಅದೇ ಹಿಂದಾವಿಯ 8,000ಕ್ಕೂ ಹೆಚ್ಚು ಲೇಖನಗಳನ್ನು ನಂಬಲಾಗದವೆಂದು ಹಿಂಪಡೆಯಬೇಕಾಯಿತು. ಕೊನೆಗೆ ವೈಲಿ ಆ ಹೆಸರನ್ನೇ ಅಳಿಸಿಬಿಡುವುದಾಗಿ ಹೇಳಿತು. ಸಾರು ಹಳಸಿದ್ದಕ್ಕೆ ಹೋಟೆಲಿನ ಬೋರ್ಡು ಇಳಿಸಿದರು.

ಈಗ ಬರೆಯುವ ಕಷ್ಟವೂ ತಪ್ಪಿದೆ. ಕೃತಿಚೌರ್ಯ ಹಿಡಿಯುವ ತಂತ್ರಾಂಶಕ್ಕೆ ಮಣ್ಣೆರಚಲು ಪದಕ್ಕೆ ಪದ ಬದಲಿಸುವ ತಂತ್ರಾಂಶ ಬಂತು. 'ಸ್ತನ ಕ್ಯಾನ್ಸರ್' ಹೋಗಿ 'ಎದೆಯ ಗಂಡಾಂತರ', 'ಕೃತಕ ಬುದ್ಧಿಮತ್ತೆ' ಹೋಗಿ 'ಖೋಟಾ ಪ್ರಜ್ಞೆ' ಎಂಬರ್ಥದ ಇಂಗ್ಲಿಷ್ ಅಚ್ಚಾಯಿತು. 2024ರಲ್ಲಂತೂ ಎಲ್ಸೆವಿಯರ್‌ನ ಪತ್ರಿಕೆಯೊಂದರಲ್ಲಿ ಲಿಥಿಯಂ ಬ್ಯಾಟರಿಯ ಲೇಖನ ಶುರುವಾದದ್ದೇ ಚಾಟ್‌ಬಾಟ್ ಉತ್ತರದ ಧಾಟಿಯಲ್ಲಿ ಹೀಗೆ: 'ಖಂಡಿತ, ನಿಮ್ಮ ವಿಷಯಕ್ಕೆ ಹೊಂದುವ ಒಂದು ಪೀಠಿಕೆ ಇಲ್ಲಿದೆ.' ಬರೆದವರು, ಪರಿಶೀಲಿಸಿದವರು, ಸಂಪಾದಿಸಿದವರು, ಯಾರೂ ಮೊದಲ ವಾಕ್ಯ ಓದಿರಲಿಲ್ಲ. ಓದದೆ ದಾಟಿಸುವ ಕೆಲಸಕ್ಕಾದರೆ ಸಂಬಳವಿಲ್ಲದಿರುವುದೇ ನ್ಯಾಯ ಎನಿಸಿತು.

ನಮ್ಮ ಕೇಂದ್ರ ಸರ್ಕಾರವೂ ಹಿಂದೆ ಬಿದ್ದಿಲ್ಲ. 'ಒಂದು ರಾಷ್ಟ್ರ, ಒಂದು ಚಂದಾ' ಎಂದು 2024ರ ನವೆಂಬರಿನಲ್ಲಿ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರು ಮಾಡಿತು. 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. ಹಳ್ಳಿಯ ಸರ್ಕಾರಿ ಕಾಲೇಜಿನ ಹುಡುಗಿಗೂ ಓದಲು ಸಿಗುತ್ತದೆ, ಒಳ್ಳೆಯದೇ. ಆದರೆ ಅವಳು ನಾಳೆ ಒಂದು ಲೇಖನ ಬರೆದರೆ? ಅದಕ್ಕೆ ಬೇರೆ ಕೌಂಟರ್.

ಮಧ್ಯಾಹ್ನ ಮತ್ತೊಂದು ಇಮೇಲ್ ಬಂತು. ಲೇಖನ ಕಳಿಸದಿದ್ದರೂ ಚಿಂತೆಯಿಲ್ಲವಂತೆ. ದಂತವೈದ್ಯ ಪತ್ರಿಕೆಯ ಸಂಪಾದಕ ಮಂಡಳಿಗೆ ನನ್ನನ್ನು ಸೇರಿಸಿಕೊಂಡಿದ್ದಾರೆ. ದವಡೆ ಇನ್ನೂ ನೋಯುತ್ತಿತ್ತು.