ಗೊಜ್ಜಿಗೆ ಅನಾನಸ್ ಆಗುತ್ತೆ, ಪಿಜ್ಜಾಕ್ಕೆ ಯಾಕೆ ಆಗಲ್ಲ?

ಪಿಜ್ಜಾ ಮೇಲೆ ಅನಾನಸ್ ಅಂದ ತಕ್ಷಣ ಮೂಗು ಮುರಿಯುವವರಲ್ಲಿ ನಮ್ಮವರೂ ಇದ್ದಾರಲ್ಲ, ಅದು ನನಗೆ ಅರ್ಥವೇ ಆಗುವುದಿಲ್ಲ. ಮದುವೆ ಊಟದಲ್ಲಿ ಅನಾನಸ್ ಗೊಜ್ಜು ಬಂದರೆ ಇನ್ನೊಂದು ಸಲ ಹಾಕಿಸಿಕೊಳ್ಳುವವರು ನಾವೇ ಅಲ್ವಾ? ಹಣ್ಣಿಗೆ ಬೆಲ್ಲ, ಹುಣಸೆ, ಒಣಮೆಣಸಿನಕಾಯಿ, ಎಳ್ಳು. ಸಿಹಿ, ಹುಳಿ, ಖಾರ, ಉಪ್ಪು ಎಲ್ಲಾ ಒಂದೇ ತುತ್ತಿನಲ್ಲಿ. ಪಿಜ್ಜಾದಲ್ಲಿ ಹುಣಸೆಯ ಜಾಗಕ್ಕೆ ಟೊಮೆಟೊ ಬಂದಿದೆ, ಜೊತೆಗೆ ಉಪ್ಪುಪ್ಪು ಚೀಸ್. ಅಷ್ಟಕ್ಕೇ ಇಷ್ಟು ರಂಪ!

"ಇಟಲಿಯವರು ನೋಡಿದರೆ ಏನಂತಾರೆ" ಅನ್ನುವುದು ಇನ್ನೊಂದು ವಾದ. ಅನಾನಸ್ ಹಾಕಿದ ಈ ಪಿಜ್ಜಾಕ್ಕೆ ಹವಾಯಿಯನ್ ಪಿಜ್ಜಾ ಅಂತ ಹೆಸರು, ಆದರೆ ಅದು ಹುಟ್ಟಿದ್ದು ಇಟಲಿಯಲ್ಲೂ ಅಲ್ಲ, ಹವಾಯಿಯಲ್ಲೂ ಅಲ್ಲ. 1962ರಲ್ಲಿ ಕೆನಡಾದ ಒಂಟಾರಿಯೋದ ಚಾಥಮ್ ಎಂಬ ಊರಿನಲ್ಲಿ, ಗ್ರೀಸ್‌ನಿಂದ ಬಂದು ಹೋಟೆಲ್ ನಡೆಸುತ್ತಿದ್ದ ಸ್ಯಾಮ್ ಪನೋಪೌಲಸ್ ಡಬ್ಬಿಯ ಅನಾನಸ್ ತೆಗೆದು ಪಿಜ್ಜಾ ಮೇಲೆ ಹಾಕಿದರು. ಆ ಡಬ್ಬಿಯ ಬ್ರ್ಯಾಂಡ್ ಹೆಸರೇ ಪಿಜ್ಜಾಕ್ಕೂ ಅಂಟಿಕೊಂಡಿತು. 2017ರಲ್ಲಿ ಐಸ್‌ಲ್ಯಾಂಡ್ ಅಧ್ಯಕ್ಷರು ಶಾಲಾ ಮಕ್ಕಳ ಮುಂದೆ, ಕೈಲಾದರೆ ಇದನ್ನು ನಿಷೇಧ ಮಾಡುತ್ತಿದ್ದೆ ಎಂದು ತಮಾಷೆ ಮಾಡಿ, ಆಮೇಲೆ ನನಗೆ ಅಂಥ ಅಧಿಕಾರ ಇಲ್ಲದಿರುವುದೇ ಒಳ್ಳೆಯದು ಎಂದು ಸಮಜಾಯಿಷಿ ಕೊಡಬೇಕಾಯಿತು. ಇನ್ನು ಇಟಲಿಯ ಮಾತು: 2024ರ ಶುರುವಿನಲ್ಲಿ ನೇಪಲ್ಸ್‌ನ ಹೆಸರುವಾಸಿ ಪಿಜ್ಜಾ ಬಾಣಸಿಗ ಜಿನೋ ಸೊರ್ಬಿಲ್ಲೋ ಅವರೇ ಅನಾನಸ್ ಪಿಜ್ಜಾವನ್ನು ಮೆನುವಿಗೆ ಸೇರಿಸಿದರು. ಬೈಸಿಕೊಂಡರು ಕೂಡ. ಆದರೆ ಅವರು ಟೊಮೆಟೊ ಬಿಟ್ಟು, ಅನಾನಸ್ಸನ್ನು ಎರಡು ಸಲ ಬೇಯಿಸಿ ಕೆಂಪಗೆ ಮಾಡಿ ಹಾಕಿದ್ದರು.

ವಿಷಯ ಇರುವುದೇ ಇಲ್ಲಿ. ಹಣ್ಣಿನ ಮೇಲೆ ನನಗೇನೂ ಸಿಟ್ಟಿಲ್ಲ, ಸಿಟ್ಟು ಇರುವುದು ನೀರಿನ ಮೇಲೆ. ಹಸಿ ಅನಾನಸ್ ಹೋಳು ಹಾಗೇ ಸುರಿದರೆ ರಸ ಬಿಟ್ಟು ಹಿಟ್ಟು ಪಿಚಪಿಚ ಆಗುತ್ತೆ, ಆಮೇಲೆ ಅನಾನಸ್ಸೇ ಕೆಟ್ಟದು ಎಂಬ ಹೆಸರು. ತವಾ ಮೇಲೆ ಚೂರು ಖಾರದಪುಡಿ ಉದುರಿಸಿ, ಅಂಚು ಕಪ್ಪಾಗುವವರೆಗೆ ಹುರಿದು ಹಾಕಿ ನೋಡಿ. ರೋಮ್‌ನವರು ಆಲೂಗಡ್ಡೆ ಪಿಜ್ಜಾ ಮಾಡುವಾಗಲೂ ಹೀಗೇ ಹುಷಾರಾಗಿರುತ್ತಾರೆ: ತೆಳ್ಳಗೆ ಹೆಚ್ಚಿದ ಬಿಲ್ಲೆ, ಆಲಿವ್ ಎಣ್ಣೆ, ಉಪ್ಪು, ರೋಸ್‌ಮೇರಿ. ಟೊಮೆಟೊ ಸಾಸೇ ಬೇಡ. ಅಂಚು ಗರಿಗರಿ, ಒಳಗೆ ಮೆತ್ತಗೆ. ಕೇಳಲು ಬರೀ ಪಿಷ್ಟದ ಮೇಲೆ ಪಿಷ್ಟ ಅನ್ನಿಸುತ್ತೆ, ತಿಂದರೆ ಸುಮ್ನೆ ತಿಂತಾನೇ ಇರೋಣ ಅನ್ನಿಸುತ್ತೆ.

ಸ್ವೀಡನ್‌ನಲ್ಲಿ ಬಾಳೆಹಣ್ಣು ಮತ್ತು ಕರಿ ಪೌಡರ್ ಹಾಕುತ್ತಾರೆ, ಅದಕ್ಕೆ ನನ್ನ ವೋಟು ಇಲ್ಲ. ಬಿಸಿಯಾದ ಬಾಳೆಹಣ್ಣಿನ ಲೋಳೆ ಚೀಸ್ ಜೊತೆ ಸೇರುವುದನ್ನು ನೆನೆಸಿಕೊಂಡರೇ ಸಾಕು. ಜಪಾನಿನವರ ಆಲೂಗಡ್ಡೆ, ಜೋಳ, ಮೇಯನೇಸ್ ಪಿಜ್ಜಾ ಮಕ್ಕಳಿಗೆ ಸರಿ.

ನಾನು ಎಲ್ಲಕ್ಕಿಂತ ಜಾಸ್ತಿ ಮೆಚ್ಚುವುದು ನಮ್ಮ ಉತ್ತರ ಕರ್ನಾಟಕದ ಗುರೆಳ್ಳು ಚಟ್ನಿಪುಡಿಯನ್ನು. ಖಾರ, ಬೆಳ್ಳುಳ್ಳಿ, ಆ ಎಳ್ಳಿನಂಥ ಘಮ, ಮೇಲಾಗಿ ನೀರಿನ ಕಾಟವೇ ಇಲ್ಲ. ಈರುಳ್ಳಿ ಮತ್ತು ಹುರಿದ ಅನಾನಸ್ ಹಾಕಿದ ಪಿಜ್ಜಾ ಒಲೆಯಿಂದ ಇಳಿದ ಮೇಲೆ, ಚೀಸ್ ಇನ್ನೂ ಗುಳ್ಳೆ ಏಳುತ್ತಿರುವಾಗ ಉದುರಿಸಬೇಕು. ಮೊದಲೇ ಹಾಕಿದರೆ ಸೀದು ಕಹಿಯಾಗುತ್ತೆ. ಶೇಂಗಾ ಚಟ್ನಿಪುಡಿಯೂ ನಡೆಯುತ್ತೆ, ಆದರೆ ಚೀಸ್ ಜೊತೆ ಸ್ವಲ್ಪ ಜಿಡ್ಡು ಜಿಡ್ಡು. ಓರಿಗಾನೋ ಪ್ಯಾಕೆಟ್ ಅವತ್ತು ಒಡೆಯಬೇಡಿ.