ನೂರೈವತ್ತು ಅಕ್ಷರದ ಡಬ್ಬಿ

ನಮ್ಮ ಮನೆಯಲ್ಲಿ ಕಾಫಿಯನ್ನು ಮೂಟೆ ಲೆಕ್ಕದಲ್ಲಿ ಮಾರುತ್ತೇವೆ, ಮೂಟೆಗೆ 50 ಕೆಜಿ. ಮಗಳನ್ನು ಅಕ್ಷರದ ಲೆಕ್ಕದಲ್ಲಿ ತೂಗುತ್ತಾರೆ ಅಂತ ಗೊತ್ತಾಗಿದ್ದು ಮೊನ್ನೆಯ ದಸರಾ ರಜೆಯಲ್ಲಿ.

ಅವಳಿಗೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹಂಟ್ಸ್‌ಮನ್ ಪ್ರೋಗ್ರಾಮ್ ಸೇರುವ ಆಸೆ. ನಾಲ್ಕು ವರ್ಷ, ಎರಡು ಡಿಗ್ರಿ. ಅಲ್ಲಿನ ಬಿಸಿನೆಸ್ ಸ್ಕೂಲ್ ವಾರ್ಟನ್‌ನಲ್ಲಿ ವ್ಯಾಪಾರದ್ದೊಂದು, ಅಂತರರಾಷ್ಟ್ರೀಯ ಅಧ್ಯಯನದ್ದು ಇನ್ನೊಂದು. ಜೊತೆಗೆ ಒಂದು ಪರಭಾಷೆ ಕಲಿಯಬೇಕು, ಆ ಭಾಷೆಯ ನಾಡಿಗೆ ಹೋಗಿ ಒಂದು ಸೆಮಿಸ್ಟರ್ ಓದಬೇಕು. ವರ್ಷಕ್ಕೆ ಸೇರಿಸಿಕೊಳ್ಳುವುದು ಸುಮಾರು 50 ಜನರನ್ನು. "ಇಡೀ ಪ್ರಪಂಚಕ್ಕೆ ಐವತ್ತಾ?" ಎಂದೆ. ನಮ್ಮೂರಿನ ಬೆಳಗಿನ ಬಸ್ಸಿನಲ್ಲಿ ಅದಕ್ಕಿಂತ ಜಾಸ್ತಿ ಜನ ಇರುತ್ತಾರೆ.

ಅರ್ಜಿ ಹಾಕುವುದು ಕಾಮನ್ ಆ್ಯಪ್‌ನಲ್ಲಿ. ಅಮೆರಿಕದ ಎಷ್ಟೋ ಕಾಲೇಜುಗಳಿಗೆ ಸೇರಿ ಒಂದೇ ಆನ್‌ಲೈನ್ ಅರ್ಜಿ ಅದು. ಅದರಲ್ಲಿ ಹತ್ತು ಡಬ್ಬಿಗಳಿವೆ. ಓದು ಬಿಟ್ಟು ಬೇರೆ ಏನೇನು ಮಾಡಿದ್ದೀರಿ ಅಂತ ಅಲ್ಲಿ ತುಂಬಬೇಕು. ಒಂದೊಂದರ ವಿವರಣೆಗೆ 150 ಅಕ್ಷರ. ಎರಡು ಪದದ ನಡುವೆ ಜಾಗ ಬಿಟ್ಟರೆ ಅದೂ ಒಂದು ಅಕ್ಷರ! ನಮ್ಮ ಮಲೆನಾಡಿನ ಕಡೆ "ನಿಮ್ಮಲ್ಲಿ ಮಳೆ ಹೆಂಗೆ?" ಅಂತ ವಿಚಾರಿಸಿ ಮುಗಿಸುವುದಕ್ಕೇ ಅಷ್ಟು ಸಾಲದು.

ನಾನು ದುಡ್ಡು ಸುರಿದಿದ್ದು ಅಬಾಕಸ್‌ಗೆ, ಕೀಬೋರ್ಡ್‌ಗೆ, ಭರತನಾಟ್ಯಕ್ಕೆ. ಮೂರನ್ನೂ ಅರ್ಧಕ್ಕೆ ಬಿಟ್ಟಿದ್ದಳು, ಮೂರಕ್ಕೂ ಡಬ್ಬಿ ಸಿಗಲಿಲ್ಲ. ಸಿಕ್ಕಿದ್ದು ಕಣಕ್ಕೆ. ಕುಟುಂಬದ ಜವಾಬ್ದಾರಿ ಅಂತ ಅಲ್ಲೊಂದು ವಿಭಾಗವೇ ಇದೆ. ಕೊಯ್ಲಿನ ಹೊತ್ತಿಗೆ ಮನೆಗೆ ಬಂದಾಗ ಕಣದಲ್ಲಿ ಕಾಫಿ ಕೆದಕಿದ್ದು, ಮೋಡ ಕವಿದಾಗ ಓಡಿಹೋಗಿ ಟಾರ್ಪಾಲು ಎಳೆದಿದ್ದು ಎಲ್ಲ ಅದರಲ್ಲಿ ಬಂತು. "ಸುಮ್ನೆ ಕೂತಿದ್ದೀಯಲ್ಲ, ಹೋಗಿ ಕಾಫಿನಾದ್ರೂ ಕೆದಕು" ಅಂತ ನಾನು ಬೈದಿದ್ದು ಮಾತ್ರ ಬರಲಿಲ್ಲ. ವಾರಕ್ಕೆ ಎಷ್ಟು ಗಂಟೆ ಅಂತಲೂ ಬರೆಯಬೇಕು. ಅವಳಮ್ಮ ಎರಡು ಎಂದಳು. ಅಜ್ಜಿ ಇಪ್ಪತ್ತು ಎಂದರು. ಮಗಳು ಎಂಟು ಅಂತ ಹಾಕಿದಳು.

ಆಮೇಲೆ ಕಾಲೇಜಿನವರ ಶಿಫಾರಸು ಪತ್ರ. ಸ್ಕೂಲ್ ಕೌನ್ಸೆಲರ್ ಒಬ್ಬರು ಬರೆಯಬೇಕಂತೆ. ನಮಗೆ ಗೊತ್ತಿರುವುದು ಸಿಇಟಿ ಕೌನ್ಸೆಲಿಂಗ್ ಒಂದೇ. ಅವಳ ಪಿಯು ಕಾಲೇಜಿನ ಆಫೀಸಿನಲ್ಲಿ ಕೇಳಿದರೆ, "ಸ್ಟಡಿ ಸರ್ಟಿಫಿಕೇಟಾ, ಟಿಸಿಯಾ?" ಎಂದರು. ಕೊನೆಗೆ ಪ್ರಿನ್ಸಿಪಾಲರೇ ಕೌನ್ಸೆಲರ್ ಆಗಲು ಒಪ್ಪಿ, "ಈಕೆಯ ನಡತೆ ಉತ್ತಮವಾಗಿದೆ" ಅನ್ನುವ ಅರ್ಥದ ಒಂದು ವಾಕ್ಯ ಬರೆದುಕೊಟ್ಟರು. ನನ್ನ ಟಿಸಿಯಲ್ಲೂ ಅದೇ ವಾಕ್ಯ ಇದೆ. ನಾನು ಅರ್ಧ ವರ್ಷ ಬೆಂಚಿನ ಮೇಲೆ ನಿಂತವನು.

ಪಾಪ, ಎಕನಾಮಿಕ್ಸ್ ಮೇಷ್ಟ್ರು ಮನಸ್ಸಿಟ್ಟು ಬರೆದರು. ಪೂರೈಕೆ ಕಡಿಮೆಯಾದರೆ ಬೆಲೆ ಏರುತ್ತದೆ, ಇದಕ್ಕೊಂದು ಉದಾಹರಣೆ ಕೊಡಿ ಅಂತ ಅವರು ಒಮ್ಮೆ ಕ್ಲಾಸಿನಲ್ಲಿ ಕೇಳಿದ್ದರಂತೆ. ನಮ್ಮವಳು ಎದ್ದು ನಿಂತು, "ಸರ್, 2021ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋಯ್ತು, ನಮ್ಮಪ್ಪನ ಸಾಲ ತೀರಿತು" ಎಂದಳಂತೆ. ಮೇಷ್ಟ್ರು ಅದನ್ನು ಹಾಗೇ ಬರೆದಿದ್ದಾರೆ. ಊರಲ್ಲಿ ನಾಲ್ಕು ಜನಕ್ಕೆ ಗೊತ್ತಾಗದ ಹಾಗೆ ಇಟ್ಟುಕೊಂಡಿದ್ದ ನನ್ನ ಸಾಲ ನೇರ ಆ ವಿಶ್ವವಿದ್ಯಾಲಯ ಇರುವ ಫಿಲಡೆಲ್ಫಿಯಾಕ್ಕೆ ಹೋಯಿತು.

ಭಾಷೆಯ ಕಥೆ ಬೇರೆ. ಅವಳು ಫ್ರೆಂಚ್ ತಗೊಂಡಿದ್ದು ಮಾರ್ಕ್ಸಿಗೆ. ಬೆಂಗಳೂರಿನಲ್ಲಿ ಓದುವ ಎಷ್ಟೋ ಮಕ್ಕಳು ಫ್ರೆಂಚನ್ನೋ ಸಂಸ್ಕೃತವನ್ನೋ ತೆಗೆದುಕೊಳ್ಳುವುದು ಅದಕ್ಕೇ ತಾನೇ? ಈಗ ಆ ಫ್ರೆಂಚ್ ಉಪಯೋಗಕ್ಕೆ ಬಂತು. ಹಂಟ್ಸ್‌ಮನ್‌ನವರ ಭಾಷೆಗಳ ಪಟ್ಟಿಯಲ್ಲಿ ಅದಿದೆ, ಕನ್ನಡ ಇಲ್ಲ. ಆದರೆ ಕಾಮನ್ ಆ್ಯಪ್‌ನಲ್ಲಿ ನಿಮಗೆ ಯಾವ ಯಾವ ಭಾಷೆ ಬರುತ್ತದೆ ಅಂತ ಕೇಳಿ ಟಿಕ್ ಹಾಕಿಸುತ್ತಾರೆ. ಮಾತಾಡುತ್ತೀರಾ, ಓದುತ್ತೀರಾ, ಬರೆಯುತ್ತೀರಾ, ಮನೆಯಲ್ಲಿ ಆಡುವ ಭಾಷೆಯಾ? ಕನ್ನಡದ ಮುಂದೆ ಮೂರಕ್ಕೆ ಟಿಕ್ ಹಾಕಿ, 'ಬರೆಯುತ್ತೀರಾ' ಅನ್ನುವಲ್ಲಿ ನಿಂತಳು. ಅಜ್ಜಿ ತಮ್ಮ ಮಾತ್ರೆ ಡಬ್ಬ ತಂದು, "ಯಾವ್ಯಾವಾಗ ತಗೋಬೇಕು ಅಂತ ಬರ್ಕೊಡು, ನೋಡೋಣ" ಎಂದರು. ಬರೆದಳು. ಎಲ್ಲ ಸರಿ ಇತ್ತು, ಊಟ ಮಾತ್ರ 'ಉಟ' ಆಗಿತ್ತು. "ದೀರ್ಘ ಇಲ್ದಿರೋ ಊಟದಲ್ಲಿ ಹೊಟ್ಟೆ ತುಂಬಲ್ಲ ಮಗ" ಅಂದು, ಪಾಸು ಮಾಡಿದರು. ಟಿಕ್ ಬಿತ್ತು.

ದೊಡ್ಡ ಪ್ರಬಂಧಕ್ಕೆ 650 ಪದದ ಮಿತಿ. ಅದಲ್ಲದೆ ಹಂಟ್ಸ್‌ಮನ್‌ಗೇ ಅಂತ ಇನ್ನೊಂದು. ವ್ಯಾಪಾರವೂ ದೇಶದೇಶಗಳ ವ್ಯವಹಾರವೂ ಸಿಕ್ಕು ಹಾಕಿಕೊಂಡ ಒಂದು ಜಾಗತಿಕ ಸಮಸ್ಯೆಯ ಬಗ್ಗೆ ಅದನ್ನು ಬರೆಯಬೇಕು. ಹವಾಮಾನ, ನಿರಾಶ್ರಿತರು ಅಂತ ಎರಡು ದಿನ ಲ್ಯಾಪ್‌ಟಾಪ್ ಮುಂದೆ ಕೂತಳು. ಮೂರನೇ ದಿನ ನನ್ನ ಜೊತೆ ತೋಟದ ಬೇಲಿ ಸುತ್ತಲು ಬಂದಳು.

ಬೇಲಿ ಸುತ್ತುವ ಕೆಲಸ ಹಚ್ಚಿದ್ದು ಯುರೋಪಿಯನ್ ಯೂನಿಯನ್. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ನಮಗೆ ಬೇಡ ಅಂತ ಅವರು 2023ರಲ್ಲಿ ಕಾನೂನು ಮಾಡಿದರು. ಜಾರಿ ಮಾಡುವ ದಿನ ಮಾತ್ರ ಮುಂದಕ್ಕೆ ಹೋಗುತ್ತಲೇ ಇದೆ. ಕಾಫಿ ಬೆಳೆದ ಜಾಗ ಯಾವುದು ಅಂತ ತೋರಿಸಬೇಕು. ನಾಲ್ಕು ಹೆಕ್ಟೇರ್‌ವರೆಗಿನ ತೋಟಕ್ಕೆ ನಕ್ಷೆಯಲ್ಲಿ ಒಂದು ಚುಕ್ಕಿ ಸಾಕು. ಅದಕ್ಕಿಂತ ದೊಡ್ಡದಾದರೆ ಗಡಿಯ ಸುತ್ತಲೂ ಗುರುತು ಬೇಕು. ನಾಲ್ಕು ಹೆಕ್ಟೇರ್ ಅಂದರೆ ಹತ್ತು ಎಕರೆಗೆ ಚೂರು ಕಮ್ಮಿ. ನಮ್ಮದು 12. ಎರಡು ಎಕರೆ ಜಾಸ್ತಿ ಮಾಡಿಟ್ಟ ಅಪ್ಪನನ್ನು ಬೈದುಕೊಳ್ಳುತ್ತ ಹೊರಟೆ. ಮೂಲೆಮೂಲೆಯಲ್ಲೂ ಅವಳು ಮೊಬೈಲ್ ಎತ್ತಿ ಹಿಡಿದು, "ಇರಪ್ಪ, ಸ್ಯಾಟಲೈಟ್ ಸಿಗಲಿ" ಅನ್ನುತ್ತಿದ್ದಳು. ಸಿಲ್ವರ್ ಮರಗಳ ಅಡಿಯಲ್ಲಿ ಅದು ಬೇಗ ಸಿಗುವುದಿಲ್ಲ. ನಿಂತಷ್ಟು ಹೊತ್ತೂ ಇಂಬಳ, ಅಂದರೆ ಜಿಗಣೆ, ಹತ್ತುತ್ತವೆ. ಐದನೇ ಮೂಲೆಯಲ್ಲಿ ಕಾಲಿನಿಂದ ಒಂದನ್ನು ಕಿತ್ತು ಬಿಸಾಕಿ, "ಅಪ್ಪ, ಯುರೋಪಿನವರ ಕಾಡು ಯಾವಾಗ ಕಡಿದಿದ್ದು?" ಎಂದಳು. ಆ ರಾತ್ರಿ ಪ್ರಬಂಧ ಮುಗಿಯಿತು. ಓದು ಅಂತ ನನಗೆ ಕೊಟ್ಟಳು. ಇಂಬಳಕ್ಕೂ ನನಗೂ ಅದರಲ್ಲಿ ಒಂದೊಂದು ವಾಕ್ಯ ಇತ್ತು. ಇಂಬಳದ ವಾಕ್ಯ ಉದ್ದ ಇತ್ತು.

ಖರ್ಚು ವರ್ಷಕ್ಕೆ 90 ಸಾವಿರ ಡಾಲರ್‌ಗೂ ಮೇಲೆ. ಸಹಾಯಧನ ಕೇಳಿದ್ದೇವೆ. ಈ ವಿಷಯ ಇಷ್ಟಕ್ಕೇ ಸಾಕು.

ಬೇಗ ಅರ್ಜಿ ಹಾಕುವವರಿಗೆ ನವೆಂಬರ್ 1 ಕೊನೆಯ ದಿನ. ನಮಗೆ ರಾಜ್ಯೋತ್ಸವ. ಊರಿನ ಶಾಲೆಯಲ್ಲಿ ಬಾವುಟ ಹಾರಿಸಿ, ಬೂಂದಿ ತಿಂದು ಬಂದು, ಫ್ರೆಂಚ್ ಭಾಷೆ ಆರಿಸಿಕೊಂಡ ಅರ್ಜಿ ಕಳಿಸಲು ಕೂತೆವು. ನೆಟ್‌ವರ್ಕ್ ಸಿಗುವುದು ತುಳಸಿಕಟ್ಟೆ ಹತ್ತಿರ. ಲ್ಯಾಪ್‌ಟಾಪನ್ನು ಅಲ್ಲೇ ಸ್ಟೂಲಿನ ಮೇಲೆ ಇಟ್ಟೆವು. 75 ಡಾಲರ್ ಫೀಸು ನನ್ನ ಕಾರ್ಡಿನಿಂದ ಹೋಗಬೇಕು, ಹೋಗುತ್ತಿಲ್ಲ. ಮೂರು ಸಲ ಆಯ್ತು. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಬಂದ್ ಆಗಿದೆ ಅಂತ ಕಂಡುಹಿಡಿದವಳು ಅವಳಮ್ಮ. ಬ್ಯಾಂಕಿನ ಆ್ಯಪ್‌ನಲ್ಲಿ ಒಂದು ಗುಂಡಿ ಸರಿಸಿದೆ, ದುಡ್ಡು ಹೋಯಿತು.

ಮಗಳು ಕಣ್ಣು ಮುಚ್ಚಿಕೊಂಡು ಸಬ್ಮಿಟ್ ಒತ್ತಿದಳು. ಪರದೆ ತುಂಬ ಬಣ್ಣಬಣ್ಣದ ಚೂರುಗಳು ಉದುರಿದವು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಅಕ್ಷತೆ ಹಾಕ್ತಿದಾರಾ? ಸೀಟು ಸಿಕ್ಕೇಬಿಡ್ತಾ?" ಎಂದರು.

"ಇಲ್ಲ ಅಜ್ಜಿ. ಅರ್ಜಿ ಹಾಕಿದವರಿಗೆಲ್ಲ ಬೀಳತ್ತೆ."

ನಾನು ಮೊಬೈಲ್ ತೆಗೆದು, ಆ ಗುಂಡಿಯನ್ನು ಮತ್ತೆ ಆಫ್ ಮಾಡಲು ಹೋದೆ. ಮಗಳು ನೋಡಿಬಿಟ್ಟಳು.

"ಅಪ್ಪ, ಅದು ಆನ್ ಇರ್ಲಿ. ಇದು ಸಿಗದಿದ್ರೆ ಅಂತ ಇನ್ನೂ ಒಂಬತ್ತು ಕಾಲೇಜಿದೆ."