ಮಕ್ಕಳ ವಾರ್ಡ್‌ನಲ್ಲಿ ಕೈ ಪಳಗಿದ ಸಿಸ್ಟರ್‌ಗಳನ್ನು ಅಲ್ಲೇ ಇರಲು ಬಿಡಿ

ಮಳೆಗಾಲ ಬಂತೆಂದರೆ ಮಕ್ಕಳ ವಾರ್ಡ್ ತುಂಬುತ್ತದೆ. ಜ್ವರ, ವಾಂತಿಭೇದಿ, ಉಬ್ಬಸ, ಡೆಂಗ್ಯೂ. ಮಂಚ ಸಾಲದೆ ಒಂದೊಂದರ ಮೇಲೆ ಇಬ್ಬರು ಮಕ್ಕಳನ್ನು ಮಲಗಿಸುವುದೂ ಉಂಟು. ಎಷ್ಟೋ ಆಸ್ಪತ್ರೆಗಳಲ್ಲಿ ಇದೇ ಹೊತ್ತಿಗೆ ಡ್ಯೂಟಿ ಪಟ್ಟಿ ಬದಲಾಗುತ್ತದೆ. ಪುಟ್ಟ ಕೈಯಲ್ಲಿ ನರ ಹುಡುಕುವುದನ್ನು ಈಗಷ್ಟೇ ಕಲಿತ ಹುಡುಗಿ ಮೂಳೆ ವಾರ್ಡ್‌ಗೆ ಹೋಗುತ್ತಾಳೆ. ಆರು ತಿಂಗಳಿಂದ ದೊಡ್ಡವರನ್ನಷ್ಟೇ ನೋಡಿಕೊಂಡಿದ್ದ ಇನ್ನೊಬ್ಬಳು ಮಕ್ಕಳ ವಾರ್ಡ್‌ಗೆ ಬರುತ್ತಾಳೆ.

ನಾನು ಬಹಳ ವರ್ಷ ಮಕ್ಕಳ ವಾರ್ಡ್‌ನಲ್ಲಿ ಇನ್‌ಚಾರ್ಜ್ ಸಿಸ್ಟರ್ ಆಗಿದ್ದವಳು. ಈಗ ಹೊಸಬರಿಗೆ ಕಲಿಸುತ್ತೇನೆ. ಈ ಪದ್ಧತಿ ನಿಲ್ಲಬೇಕು ಎಂದು ಮೀಟಿಂಗ್‌ಗಳಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

"ನರ್ಸ್ ಅಂದಮೇಲೆ ಎಲ್ಲ ವಾರ್ಡೂ ಒಂದೇ ಅಲ್ವಾ ಮೇಡಂ?" ಅಂತ ಕೇಳುತ್ತಾರೆ. ಖಂಡಿತ ಅಲ್ಲ. 3 ಕೆಜಿ ತೂಕದ ಕೂಸಿನ ಮೈಯಲ್ಲಿರುವ ರಕ್ತ ಎಲ್ಲ ಸೇರಿ ಸುಮಾರು 240 ಎಂಎಲ್. ಒಂದು ದೊಡ್ಡ ಲೋಟದಷ್ಟು. ಅಂಥ ಮೈಗೆ ಕೊಡುವ ಪ್ರತಿ ಔಷಧಿಯನ್ನೂ ತೂಕ ನೋಡಿಯೇ ಲೆಕ್ಕ ಹಾಕಬೇಕು. ದೊಡ್ಡವರಿಗೆ ಹಾಗಲ್ಲ, ಜ್ವರ ಬಂದರೆ ಒಂದು ಮಾತ್ರೆ ಕೊಟ್ಟರೆ ಆಯಿತು.

ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಒಂದು ಕೆಜಿಗೆ 15 ಮಿಲಿಗ್ರಾಂ ಅಂದರೆ 8 ಕೆಜಿ ಮಗುವಿಗೆ 120 ಮಿಲಿಗ್ರಾಂ. 5 ಎಂಎಲ್‌ನಲ್ಲಿ 120 ಮಿಲಿಗ್ರಾಂ ಇರುವ ಸಿರಪ್ ಆದರೆ ಒಂದು ಚಮಚ. ಅದೇ ಔಷಧಿ ಡ್ರಾಪ್ಸ್ ರೂಪದಲ್ಲೂ ಬರುತ್ತದೆ, ಅದರಲ್ಲಿ ಒಂದೇ ಎಂಎಲ್‌ನಲ್ಲಿ 100 ಮಿಲಿಗ್ರಾಂ. ಸಿರಪ್ ಅಂದುಕೊಂಡು 5 ಎಂಎಲ್ ಡ್ರಾಪ್ಸ್ ಕುಡಿಸಿದರೆ ಮಗುವಿಗೆ ನಾಲ್ಕು ಪಟ್ಟಿಗೂ ಜಾಸ್ತಿ ಹೋಗಿರುತ್ತದೆ. ಡ್ರಿಪ್ ಸೆಟ್ಟೂ ಅಷ್ಟೇ. ಮಕ್ಕಳ ಮೈಕ್ರೋ ಸೆಟ್‌ನಲ್ಲಿ 60 ಹನಿಗೆ ಒಂದು ಎಂಎಲ್. ಗಂಟೆಗೆ 30 ಎಂಎಲ್ ಬೇಕೆಂದರೆ ನಿಮಿಷಕ್ಕೆ 30 ಹನಿ, ಲೆಕ್ಕ ಸಲೀಸು. ದೊಡ್ಡವರ ಸೆಟ್‌ನಲ್ಲಿ 20 ಹನಿಗೇ ಒಂದು ಎಂಎಲ್. ಗೊತ್ತಿಲ್ಲದೆ ಆ ಸೆಟ್ ಹಾಕಿ ಅದೇ 30 ಹನಿ ಬಿಟ್ಟರೆ ಗಂಟೆಗೆ 90 ಎಂಎಲ್ ಹೋಗುತ್ತದೆ. ರಾತ್ರಿಪಾಳಿಯಲ್ಲಿ ಒಬ್ಬಳೇ ನಲವತ್ತು ಮಕ್ಕಳನ್ನು ನೋಡಿಕೊಳ್ಳುವಾಗ ಇದನ್ನೆಲ್ಲ ಹೊಸದಾಗಿ ಯೋಚಿಸುತ್ತಾ ಕೂರಲು ಆಗುವುದಿಲ್ಲ. ಕೈಗೇ ಗೊತ್ತಿರಬೇಕು.

ಡೆಂಗ್ಯೂ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 2024ರಲ್ಲಿ ನಮ್ಮ ರಾಜ್ಯದಲ್ಲಿ ಅದನ್ನು ಸಾಂಕ್ರಾಮಿಕ ರೋಗ ಎಂದು ಸರ್ಕಾರವೇ ಘೋಷಿಸುವ ಮಟ್ಟಕ್ಕೆ ಹೋಗಿತ್ತು, ನೆನಪಿದೆಯಲ್ಲ? ಡೆಂಗ್ಯೂ ವೈರಸ್ಸನ್ನೇ ಕೊಲ್ಲುವ ಔಷಧಿ ನಮ್ಮ ಕೈಯಲ್ಲಿಲ್ಲ. ಹೊತ್ತು ಹೊತ್ತಿಗೆ ನೋಡುವುದು, ಬೇಕಾದಷ್ಟೇ ನೀರಿನಂಶ ಕೊಡುವುದು, ಅದೇ ಚಿಕಿತ್ಸೆ. ಡಾಕ್ಟರ್ ರೌಂಡ್ಸ್‌ಗೆ ಬೆಳಿಗ್ಗೆ, ಸಂಜೆ ಬರುತ್ತಾರೆ. ಮಧ್ಯದ ಅಷ್ಟೂ ಗಂಟೆ ನೋಡುವವಳು ನರ್ಸ್.

ಜ್ವರ ಬಿಟ್ಟ ಮೇಲೆಯೇ ಇದರಲ್ಲಿ ಅಪಾಯ. ಮೂರನೇ ದಿನದಿಂದ ಏಳನೇ ದಿನದೊಳಗೆ ಮೈ ತಣ್ಣಗಾಗುತ್ತದೆ. ಅಮ್ಮಂದಿರು ಖುಷಿಯಾಗಿ "ಜ್ವರ ಬಿಡ್ತು ಸಿಸ್ಟರ್, ಮನೆಗೆ ಕಳಿಸ್ತೀರಾ?" ಅನ್ನುತ್ತಾರೆ. ಕೆಲವು ಮಕ್ಕಳಿಗೆ ಅದೇ ಹೊತ್ತಿಗೆ ರಕ್ತನಾಳದೊಳಗಿನ ನೀರು ಹೊರಗೆ ಸೋರಲು ಶುರುವಾಗಿರುತ್ತದೆ. ಒಂದು ದಿನ, ಎರಡು ದಿನ ಹಾಗೆ ಸೋರುತ್ತದೆ. ಮಗು ಎಚ್ಚರವಾಗಿಯೇ ಇರುತ್ತದೆ, ಮಾತಾಡಿಸಿದರೆ ಮಾತಾಡುತ್ತದೆ. ಬಿಪಿ ನೋಡಿದರೆ 100/80. ಹೊಸಬರು ಮೇಲಿನ 100 ನೋಡಿ "ನಾರ್ಮಲ್" ಅಂತ ಬರೆದು ಮುಂದಿನ ಮಂಚಕ್ಕೆ ಹೋಗಿಬಿಡುತ್ತಾರೆ. ಪಳಗಿದವಳ ಕಣ್ಣು ಕೆಳಗಿನ 80ರ ಮೇಲೂ ಬೀಳುತ್ತದೆ. ಎರಡರ ನಡುವೆ ಉಳಿದಿರುವುದು 20 ಮಾತ್ರ. ಅದು ಶಾಕ್‌ನ, ಅಂದರೆ ಮೈಗೆ ಸಾಕಷ್ಟು ರಕ್ತ ಹರಿಯದಿರುವುದರ ಸೂಚನೆ.

ಆಗ ಅವಳು ಮಗುವಿನ ಪಾದ ಮುಟ್ಟಿ ನೋಡುತ್ತಾಳೆ, ತಣ್ಣಗಿದೆಯಾ ಅಂತ. ಬೆರಳ ತುದಿಯನ್ನು ಒತ್ತಿ ಹಿಡಿದು ಬಿಡುತ್ತಾಳೆ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ನಾಡಿ ಎಷ್ಟು ವೇಗವಾಗಿದೆ ಎಂದು ಎಣಿಸುತ್ತಾಳೆ. ಕೊನೆಗೆ ಯಾವಾಗ ಮೂತ್ರ ಹೋಯಿತು ಎಂದು ಅಮ್ಮನನ್ನು ಕೇಳುತ್ತಾಳೆ. ಇಷ್ಟಕ್ಕೆ ಎರಡು ಮೂರು ನಿಮಿಷ ಸಾಕು. ಮಕ್ಕಳ ಮೈ ಬಿಪಿಯನ್ನು ಕೊನೆಯವರೆಗೂ ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಒಂದೇ ಸಲ ಕೈಬಿಡುತ್ತದೆ. ಹಾಗಾಗಿ ಬಿಪಿ ಬೀಳಲಿ ನೋಡೋಣ ಎಂದು ಕಾಯುವ ಹಾಗಿಲ್ಲ. ಇನ್ನೊಂದು ಕಡೆ, ಗಾಬರಿಯಿಂದ ಡ್ರಿಪ್ ಜಾಸ್ತಿ ಬಿಟ್ಟರೆ ಸೋರಿದ ನೀರು ಎದೆಯಲ್ಲಿ ತುಂಬಿಕೊಂಡು ಉಸಿರಾಟ ಕಷ್ಟವಾಗುತ್ತದೆ. ಗಂಟೆಗಂಟೆಗೂ ನೋಡಿ ಡ್ರಿಪ್ ಏರಿಸುವುದು, ಇಳಿಸುವುದು, ಡಾಕ್ಟರಿಗೆ ತಕ್ಷಣ ತಿಳಿಸುವುದು, ಇದರ ಮೇಲೆ ಮಗುವಿನ ಜೀವ ನಿಂತಿರುತ್ತದೆ.

ಅಂದಹಾಗೆ ಬಿಪಿ ಪಟ್ಟಿ. ದೊಡ್ಡವರ ಪಟ್ಟಿಯನ್ನು ಮಗುವಿನ ತೋಳಿಗೆ ಸುತ್ತಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ತೀರಾ ಚಿಕ್ಕದನ್ನು ಸುತ್ತಿದರೆ ಜಾಸ್ತಿ ತೋರಿಸುತ್ತದೆ. ವಯಸ್ಸಿಗೆ ತಕ್ಕ ಮೂರ್ನಾಲ್ಕು ಅಳತೆಯ ಪಟ್ಟಿ ಪ್ರತಿ ಮಕ್ಕಳ ವಾರ್ಡ್‌ನಲ್ಲೂ ಇರಲೇಬೇಕು. ಅದೇನು ಕೋಟಿ ರೂಪಾಯಿಯ ಯಂತ್ರವಲ್ಲ. ಅದೂ ಇಲ್ಲದ ವಾರ್ಡ್‌ಗಳನ್ನು ನೋಡಿದ್ದೇನೆ, ಸಿಟ್ಟು ಬರುತ್ತದೆ.

ಹೊಸಬರಿಗೆ ನಾನು ಮೊದಲು ಕಲಿಸುವುದು ಉಸಿರು ಎಣಿಸುವುದನ್ನು. ಯಂತ್ರ ಬೇಡ, ಸೆಕೆಂಡ್ ಮುಳ್ಳಿರುವ ಗಡಿಯಾರ ಇದ್ದರೆ ಸಾಕು. ಮಗು ಅಳುತ್ತಿರಬಾರದು. ಅಮ್ಮನ ಮಡಿಲಲ್ಲೇ ಇರಲಿ. ಅಂಗಿ ಮೇಲೆತ್ತಿ ಹೊಟ್ಟೆ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪಾಗುತ್ತದೆ, ಯಾಕೆಂದರೆ ಎಳೆಗೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಜೊತೆಗೆ ಪಕ್ಕೆ ಸೆಳೆಯುತ್ತಿದೆಯಾ, ಅಂದರೆ ಉಸಿರೆಳೆದಾಗ ಎದೆಯ ಕೆಳಭಾಗ ಒಳಗೆ ಹೋಗುತ್ತಿದೆಯಾ ನೋಡಬೇಕು. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದ ಹುಡುಗಿಯರಿಗೂ ನಿಜವಾದ ಪಕ್ಕೆ ಸೆಳೆತ ತೋರಿಸಿದಾಗ "ಓ, ಇದಾ!" ಅನ್ನುತ್ತಾರೆ. ಆಮೇಲೆ ಅವರು ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಮಕ್ಕಳ ಜೊತೆ ಮಾತಾಡುವುದನ್ನೂ ಕಲಿಸಬೇಕು. ನಮ್ಮ ಕಡೆ ಒಂದು ಅಭ್ಯಾಸ ಇದೆ. "ಊಟ ಮಾಡ್ದೆ ಇದ್ರೆ ಸಿಸ್ಟರ್ ಬಂದು ಸೂಜಿ ಚುಚ್ತಾರೆ ನೋಡು!" ತಾಯಂದಿರೇ, ದಯವಿಟ್ಟು ಹಾಗೆ ಹೆದರಿಸಬೇಡಿ. ಮಗು ನಮ್ಮನ್ನು ನೋಡಿದ ಕೂಡಲೇ ಕಿರುಚಿಕೊಂಡರೆ ಉಸಿರು ಎಣಿಸುವುದು ಹೇಗೆ, ನಾಡಿ ನೋಡುವುದು ಹೇಗೆ? ನಮ್ಮವರಿಗೂ ಒಂದು ಮಾತು ಹೇಳುತ್ತೇನೆ. ನೋವಾಗಲ್ಲ ಪುಟ್ಟಾ ಅಂತ ಸುಳ್ಳು ಹೇಳಿ ಚುಚ್ಚಬೇಡಿ. ಸ್ವಲ್ಪ ನೋಯುತ್ತೆ, ಅಮ್ಮ ಹಿಡ್ಕೊಂಡಿರ್ತಾರೆ, ಬೇಗ ಮುಗಿಸ್ತೀನಿ ಅನ್ನಿ. ಎರಡನೇ ಸಲ ಅದೇ ಮಗು ಕೈ ಕೊಡುವುದನ್ನು ಕಣ್ಣಾರೆ ಕಂಡಿದ್ದೇನೆ.

ಈಗ ಕಲಿಸುವ ವ್ಯವಸ್ಥೆಗೆ ಬರೋಣ. ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಜಿಎನ್‌ಎಂ ಡಿಪ್ಲೊಮಾದಲ್ಲೂ ಬಿಎಸ್ಸಿ ನರ್ಸಿಂಗ್‌ನಲ್ಲೂ ಮಕ್ಕಳ ಶುಶ್ರೂಷೆ ಒಂದು ವಿಷಯ. ಆದರೆ ನೋಂದಣಿ ಆಗುವುದು ಎಲ್ಲಕ್ಕೂ ಸೇರಿ. ಬ್ರಿಟನ್‌ನಲ್ಲಿ ಮಕ್ಕಳ ನರ್ಸಿಂಗ್ ಎಂಬುದೇ ಬೇರೆ ನೋಂದಣಿ, ಓದುವಾಗಲೇ ಆ ದಾರಿ ಹಿಡಿಯುತ್ತಾರೆ. ನಮ್ಮಲ್ಲಿ ಮಕ್ಕಳ ಶುಶ್ರೂಷೆಯಲ್ಲಿ ಎಂಎಸ್ಸಿ ಮಾಡಿದವರು ಹೆಚ್ಚಾಗಿ ಕಾಲೇಜಿಗೆ ಪಾಠ ಮಾಡಲು ಹೋಗುತ್ತಾರೆ. ವಾರ್ಡ್‌ನಲ್ಲಿ ಅವರಿಗೆ ತಕ್ಕ ಹುದ್ದೆಯೂ ಇಲ್ಲ, ಸಂಬಳವೂ ಇಲ್ಲ.

ನವಜಾತ ಶಿಶುಗಳ ವಿಷಯದಲ್ಲಿ ನಾವು ಎಷ್ಟೋ ವಾಸಿ. ಜಿಲ್ಲಾ ಆಸ್ಪತ್ರೆಗಳ ಎಸ್‌ಎನ್‌ಸಿಯುಗಳಲ್ಲಿ, ಅಂದರೆ ಕಾಯಿಲೆಬಿದ್ದ ನವಜಾತ ಶಿಶುಗಳ ವಿಶೇಷ ಘಟಕಗಳಲ್ಲಿ, ಕೆಲಸ ಮಾಡುವವರಿಗೆ 4 ದಿನದ ತರಗತಿ, ಆಮೇಲೆ ಎರಡು ವಾರ ದೊಡ್ಡ ಕೇಂದ್ರವೊಂದರಲ್ಲಿ ಇದ್ದು ನೋಡಿ ಕಲಿಯುವ ತರಬೇತಿ ಇದೆ. ಒಂದು ತಿಂಗಳು ದಾಟಿದ ಮಗುವನ್ನು ನೋಡಿಕೊಳ್ಳುವವರಿಗೂ ಅಷ್ಟೇ ಗಟ್ಟಿಯಾದ ಏರ್ಪಾಡು ಎಲ್ಲ ಕಡೆ ಬೇಕಲ್ಲವೇ? ಎಸ್‌ಎನ್‌ಸಿಯುನಿಂದ ನಾಲ್ಕು ಹೆಜ್ಜೆ ಆಚೆ ಇರುವ ಮಕ್ಕಳ ವಾರ್ಡ್‌ಗೆ ಅಪ್ಪಟ ಹೊಸಬಳನ್ನು ರಾತ್ರಿ ಡ್ಯೂಟಿಗೆ ಹಾಕಿದರೆ ಯಾರೂ ಕೇಳುವುದಿಲ್ಲ.

ಇದ್ದ ಜಾಗದಲ್ಲೇ ಕಲಿಸಿದರೆ ಹೆಚ್ಚು ಉಳಿಯುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಬಳ್ಳಾರಿ, ಕಲಬುರಗಿ ಕಡೆ ಸುಕ್ಷೇಮ ಯೋಜನೆಯಲ್ಲಿ ನರ್ಸ್ ಮೆಂಟರ್‌ಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೇ ಹೋಗಿ, ಅಲ್ಲಿನ ಸ್ಟಾಫ್ ನರ್ಸ್‌ಗಳ ಪಕ್ಕದಲ್ಲೇ ನಿಂತು ಹೆರಿಗೆ ಮತ್ತು ಕೂಸಿನ ಆರೈಕೆ ಕಲಿಸಿದರು. ಏನೇನು ನೋಡಬೇಕು ಎಂಬುದು ಕೇಸ್ ಶೀಟ್‌ನಲ್ಲೇ ಇರುವ ಹಾಗೆ ಮಾಡಿದರು. ಒಬ್ಬ ನರ್ಸ್‌ಗೆ ಇನ್ನೊಬ್ಬ ನರ್ಸ್ ಕಲಿಸಿದ ಕೆಲಸ ಅದು. ಎಸಿ ಹಾಲ್‌ನಲ್ಲಿ ಸ್ಲೈಡ್ ತೋರಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸುವುದಕ್ಕಿಂತ ಎಷ್ಟೋ ಮೇಲು. ಮಕ್ಕಳ ವಾರ್ಡ್‌ಗಳಿಗೂ ಅಂಥ ಮೆಂಟರ್‌ಗಳು ಬೇಕು. ಜಿಲ್ಲೆಗೆ ಇಬ್ಬರು ಇದ್ದರೂ ಸಾಕು.

ಆದರೆ ಎಷ್ಟೇ ಚೆನ್ನಾಗಿ ಕಲಿಸಿದರೂ ಕಲಿತವಳು ಮೂರು ತಿಂಗಳಿಗೆ ಬೇರೆ ವಾರ್ಡ್‌ಗೆ ಹೋದರೆ ಎಲ್ಲ ನೀರುಪಾಲು. ಎಲ್ಲರಿಗೂ ಎಲ್ಲ ಕೆಲಸ ಬರಬೇಕು ಎಂದು ಸೂಪರಿಂಟೆಂಡೆಂಟ್‌ಗಳು ಹೇಳುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಜನ ಕಡಿಮೆ, ರಜೆಗೆ ಬದಲಿ ಇಲ್ಲ, ಅರ್ಧದಷ್ಟು ಮಂದಿ ಗುತ್ತಿಗೆ ಮೇಲೆ ಇರುವ ಕಡೆ ಯಾರನ್ನು ಎಲ್ಲಿ ಹಾಕುವುದು? ಅಂಥ ಕಡೆಯೂ ಮಕ್ಕಳ ವಾರ್ಡ್‌ನಲ್ಲಿ ಪ್ರತಿ ಪಾಳಿಗೆ ಒಬ್ಬಳಾದರೂ ಪಳಗಿದವಳು ಇರುವ ಹಾಗೆ ಪಟ್ಟಿ ಹಾಕಬಹುದು. ಹೊಸಬರು ಬರಲಿ, ಅವಳ ಜೊತೆ ಸೇರಿ ಕಲಿಯಲಿ. ಗುತ್ತಿಗೆಯ ಹುಡುಗಿಯರ ಮಾತಂತೂ ಬೇರೆಯೇ. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದವಳು ಗಲ್ಫ್‌ಗೋ ಜರ್ಮನಿಗೋ ಅರ್ಜಿ ಹಾಕಿದರೆ ಅವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಾವು ಕಲಿಸಿದ್ದು ಅಲ್ಲಿನ ಮಕ್ಕಳಿಗಾದರೂ ಸಿಗುತ್ತದೆ, ನಿಜ. ರಾಯಚೂರಿನ, ಚಾಮರಾಜನಗರದ ಮಕ್ಕಳಿಗೂ ಸಿಗಬೇಕಲ್ಲ.

ಮುಂದಿನ ಡ್ಯೂಟಿ ಪಟ್ಟಿ ಹಾಕುವ ಇನ್‌ಚಾರ್ಜ್‌ಗಳು, ಸೂಪರಿಂಟೆಂಡೆಂಟ್‌ಗಳು ಯಾರಾದರೂ ಇದನ್ನು ಓದುತ್ತಿದ್ದರೆ ಒಂದೇ ಕೋರಿಕೆ. ಜೂನ್‌ನಿಂದ ನವೆಂಬರ್‌ವರೆಗೆ ಮಕ್ಕಳ ವಾರ್ಡ್‌ನವರನ್ನು ಕದಲಿಸಬೇಡಿ. ಈಗಾಗಲೇ ಹಾಗೆ ಮಾಡುತ್ತಿರುವವರು ಜನ ಹೇಗೆ ಹೊಂದಿಸಿಕೊಂಡಿರಿ ಎಂದು ಕಮೆಂಟ್‌ನಲ್ಲಿ ಬರೆಯಿರಿ, ಬೇರೆಯವರಿಗೂ ತೋರಿಸಿ ಕೇಳಲು ಆಗುತ್ತದೆ.